ಕಿರೀಟ ಫ್ರೇಮಿನೊಳಗೇ ಇರಲಿ

ನಾಟಕ ಶಾಲೆಗಳ ಅರ್ಜಿ ಕಾಲ ಬಂತೆಂದರೆ ಬಳ್ಳಾರಿಯಲ್ಲಿ ಬಿಳಿ ಗೋಡೆಗಳಿಗೆ ಬೆಲೆ ಬರುತ್ತದೆ. ಪ್ರವೇಶ ಬೇಕಿದ್ದವರು ಮೊದಲು ಅಭಿನಯದ ವಿಡಿಯೊ ಕಳಿಸಬೇಕಲ್ಲ! ಮೊಬೈಲು ಅಡ್ಡ ಹಿಡಿಯಬೇಕು, ಹಿನ್ನೆಲೆ ಖಾಲಿ ಇರಬೇಕು, ಒಂದೇ ಟೇಕು, ಎಡಿಟಿಂಗ್ ಕೂಡದು, ಎರಡು ನಿಮಿಷ ಮೀರಬಾರದು, ಬೇರೆ ಯಾವ ಸದ್ದೂ ಕೇಳಿಸಬಾರದು.

ಈ ಕೊನೆಯ ನಿಯಮ ಬರೆದ ಪುಣ್ಯಾತ್ಮರು ಏಪ್ರಿಲ್‌ನಲ್ಲಿ ನಮ್ಮೂರಿಗೆ ಕಾಲಿಟ್ಟವರಲ್ಲ. ಫ್ಯಾನು ಹಾಕಿದರೆ ಅದರ ಗರಗರ ರೆಕಾರ್ಡಾಗುತ್ತದೆ. ಆರಿಸಿದರೆ ವೀರರಸಕ್ಕಿಂತ ಮೊದಲು ಬೆವರು ಇಳಿಯುತ್ತದೆ. ಕರೆಂಟು ಹೋದಾಗ ಸದ್ದಿಲ್ಲ, ಆದರೆ ಆಗ ಮುಖವೂ ಕಾಣುವುದಿಲ್ಲ. ಪಕ್ಕದ ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಇದೆ ಎಂಬ ಹೆಮ್ಮೆಯನ್ನು ಕತ್ತಲಲ್ಲೇ ಪಡಬೇಕು.

ನನಗೆ ಗೊತ್ತಿರುವ ಹುಡುಗನೊಬ್ಬ ದೊಡ್ಡಾಟದ, ಅಂದರೆ ನಮ್ಮ ಕಡೆಯ ಬಯಲಾಟದ ಮನೆತನದವನು. ಅಪ್ಪ ದುರ್ಯೋಧನನ ಪಾತ್ರಕ್ಕೆ ಹೆಸರಾದವರು. ಹುಡುಗ ಮೊದಲು ಮುಗ್ಗರಿಸಿದ್ದು ‘ಹತ್ತು ಸೆಕೆಂಡಿನಲ್ಲಿ ನಿಮ್ಮ ಪರಿಚಯ ಹೇಳಿ’ ಎಂಬಲ್ಲಿ. ದೊಡ್ಡಾಟದಲ್ಲಿ ರಾಜನೊಬ್ಬ ಪರಿಚಯ ಹೇಳಿಕೊಳ್ಳುವುದೆಂದರೆ ಸಾಮಾನ್ಯವೇ? ಪರದೆ ಹಿಂದೆ ಹೆಜ್ಜೆ ಸದ್ದು ಕೇಳಬೇಕು. ಹಿಮ್ಮೇಳ ಏರಬೇಕು. ಪರದೆ ಸರಿದು, ಅಟ್ಟದ ಹಲಗೆ ಅಲುಗುವ ಹಾಗೆ ಕುಣಿದು ನಿಂತ ಮೇಲೆ ಆಟ ನಡೆಸುವ ಸಾರಥಿ ಕೈಮುಗಿದು, ‘ತಾವು ಧಾರು, ತಮ್ಮ ಸ್ಥಳ ನಾಮಾಂಕಿತವೇನು’ ಎಂದು ಕೇಳಬೇಕು. ಆಗ ರಾಜ ಮೀಸೆ ತಿರುವಿ, ಅಪ್ಪ ಅಜ್ಜಂದಿರಿಂದ ಶುರು ಮಾಡಿ, ಪದಕ್ಕೊಂದು ಕುಣಿತ ಹಾಕಿ, ಕೊನೆಗೆಲ್ಲೋ ತನ್ನ ಹೆಸರಿಗೆ ಬರುತ್ತಾನೆ. ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಒಂದು ನಿದ್ದೆ ತೆಗೆದಿರುತ್ತಾರೆ. ಇಲ್ಲಿ ಹತ್ತೇ ಸೆಕೆಂಡು, ಅದರಲ್ಲೇ ಎತ್ತರವನ್ನೂ ಹೇಳಬೇಕು. ಕಿರೀಟ ಸೇರಿಸಿ ಹೇಳಬೇಕೋ, ಬಿಟ್ಟು ಹೇಳಬೇಕೋ ಎಂಬುದನ್ನು ನಿಯಮಾವಳಿ ಹೇಳಿಲ್ಲ.

ಕಿರೀಟದ್ದೂ ಒಂದು ಕಥೆ. ‘ಸೊಂಟದಿಂದ ತಲೆಯವರೆಗೆ ಕಾಣಬೇಕು’ ಅಂದರು. ಕಿರೀಟ ಹಿಡಿಸಿದರೆ ಮುಖ ಸಣ್ಣದಾಯಿತು, ಮುಖ ಹಿಡಿದರೆ ಕಿರೀಟ ಕತ್ತರಿಸಿಹೋಯಿತು, ಭುಜಕೀರ್ತಿ ಎರಡೂ ಕಡೆ ಹೊರಗೇ ಉಳಿಯಿತು. ಕಾಲಂತೂ ಬೇಕಾಗಿಯೇ ಇಲ್ಲ. ಕುಣಿಯುವ ಕಲೆಯನ್ನು ಸೊಂಟದ ಮೇಲಷ್ಟೇ ಪರೀಕ್ಷಿಸುವ ವಿದ್ಯೆ ಇದು. ಕ್ಯಾಮೆರಾ ಹಿಂದೆ ನಿಂತು ದ್ರೌಪದಿಯ ಮಾತು ಓದಿದ ಚಿಕ್ಕಪ್ಪನ ಮಗ, ವಸ್ತ್ರಾಪಹರಣವನ್ನು ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ಹಾಗೆ ಓದಿ ಮುಗಿಸಿದ.

ಕೊನೆಗೆ ಮದುವೆ ವಿಡಿಯೊ ಮಾಡುವ ಸ್ಟುಡಿಯೊಗೆ ಹೋದರು.

“ಅಣ್ಣಾ, ಎಡಿಟಿಂಗ್ ಮಾಡಂಗಿಲ್ಲ.”

“ಎಡಿಟಿಂಗ್ ಯಾರು ಮಾಡ್ತಾರಪ್ಪ, ಸುಮ್ನೆ ಸ್ವಲ್ಪ ಚೆಂದ ಮಾಡ್ತೀನಿ.”

ಚೆಂದವಾಗಿ ಬಂದ ವಿಡಿಯೊದಲ್ಲಿ ದುರ್ಯೋಧನ ತೊಡೆ ತಟ್ಟಿದಾಗಲೆಲ್ಲ ಮೇಲಿಂದ ಗುಲಾಬಿ ದಳ ಉದುರುತ್ತಿತ್ತು.

ರಾತ್ರಿಗಟ್ಟಲೆ ಬುರ್ರಕಥೆ ಹೇಳುತ್ತಿದ್ದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಓದು ಬರಹ ಬಾರದ ಅವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಈಗಿನ ಅರ್ಜಿಯಲ್ಲಾದರೆ ಅವರು ‘ನಾನು ರೋಬೋಟ್ ಅಲ್ಲ’ ಎಂಬ ಚೌಕದ ಹತ್ತಿರವೇ ನಿಲ್ಲಬೇಕಾಗುತ್ತಿತ್ತು.

ಇದೆಲ್ಲ ದೂರದೂರಿನವರ ಅನುಕೂಲಕ್ಕಂತೆ. ವಕೀಲಿಯ ಜೊತೆಗೇ ನಾಟಕವಾಡಿ ಹೆಸರಾದ ಬಳ್ಳಾರಿ ರಾಘವರ ಹೆಸರಿನ ಕಲಾಮಂದಿರ ಊರಲ್ಲೇ ಇದೆ. ಪರೀಕ್ಷಕರು ಒಂದು ದಿನ ಬಂದು ಅಲ್ಲಿ ಕೂತರೆ ರಾಯಚೂರು, ಕೊಪ್ಪಳದ ಮಕ್ಕಳನ್ನೂ ಕಣ್ಣಾರೆ ನೋಡಬಹುದು, ಕಾಲು ಸಮೇತ. ಆದರೆ ಅವರಿಗೆ ಬಿಸಿಲು ಆಗಿಬರುವುದಿಲ್ಲ. ವಿಡಿಯೊದಲ್ಲಿ ಗೆದ್ದವರು ಎರಡನೇ ಸುತ್ತಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಲೇಬೇಕು, ಅದು ಬೇರೆ ಮಾತು.

ಹುಡುಗನಿಗೆ ಉತ್ತರ ಬಂತು: ‘ಅಭಿನಯ ಅತಿಯಾಯಿತು, ಸಹಜತೆ ಸಾಲದು.’ ಅದಾಗಿ ಕೆಲವೇ ವಾರಕ್ಕೆ ಅದೇ ಶಾಲೆಯಿಂದ ಅವನ ಅಪ್ಪನಿಗೆ ಫೋನು. ವಿದ್ಯಾರ್ಥಿಗಳಿಗೆ ದೊಡ್ಡಾಟದ ಶಿಬಿರ ಇಟ್ಟುಕೊಂಡಿದ್ದಾರೆ, ಇವರೇ ಬಂದು ಕಲಿಸಬೇಕು, ಹೋಗಿಬರುವ ಖರ್ಚು, ಒಂದು ಶಾಲು ಕೊಡುತ್ತಾರೆ. ಯಜಮಾನರು ಖುಷಿಯಿಂದ ಒಪ್ಪಿದರು.

“ಒಳ್ಳೇದಾಯ್ತು ಸರ್,” ಅಂತು ಆ ಕಡೆಯ ದನಿ. “ಆಯ್ಕೆ ಸಮಿತಿಗೆ ತೋರಿಸೋದಕ್ಕೆ ಎರಡು ನಿಮಿಷದ್ದು ಒಂದು ವಿಡಿಯೊ ಕಳಿಸಿಬಿಡಿ. ಹಿಂದೆ ಬಿಳಿ ಗೋಡೆ ಇರಲಿ.”