ದುರ್ಗದಬೈಲಿನ ಕಣ್ಣಳತೆ

ಹುಬ್ಬಳ್ಳಿಯ ಅಂಗಡಿಕಾರರ ಕಣ್ಣಿಗೆ ಸರ್ಕಾರ ಒಂದು ಪ್ರಶಸ್ತಿ ಕೊಡಬೇಕು. ರಾಜ್ಯೋತ್ಸವದ ಪಟ್ಟಿಯಲ್ಲಿ ಯಾರ್ಯಾರೋ ಇರುತ್ತಾರೆ, ಇವರೂ ಇರಲಿ. ನೀವು ದುರ್ಗದಬೈಲಿನ ಗದ್ದಲದಲ್ಲಿ ನುಗ್ಗಿ, ಗಿರ್ಮಿಟ್ ಗಾಡಿ ದಾಟಿ, ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ನಿಮ್ಮ ಬ್ರಾ ಸೈಜು ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಸೆರಗು, ದುಪಟ್ಟಾ, ಚಳಿಗೆ ಹಾಕಿದ ಸ್ವೆಟರ್, ಯಾವುದೂ ಆ ಕಣ್ಣಿಗೆ ಅಡ್ಡ ಬರುವುದಿಲ್ಲ.

"34 ಬರ್ತದ್ರಿ ನಿಮಗ."

ನೀವು ಬಾಯಿ ತೆರೆಯುವ ಮೊದಲೇ ಡಬ್ಬಿ ಕೆಳಗಿಳಿದಿರುತ್ತದೆ. "ಇಲ್ರಿ, 32 ಡಿ ಬೇಕಾಗಿತ್ತು" ಅಂದು ನೋಡಿ. ಅಂಗಡಿ ಗಪ್ ಆಗುತ್ತದೆ. ಪಕ್ಕದಲ್ಲಿ ಪರಕಾರದ ಬಣ್ಣ ಆರಿಸುತ್ತಿದ್ದ ಅಜ್ಜಿ ಕೂಡ ತಿರುಗಿ ನಿಮ್ಮನ್ನೊಮ್ಮೆ ಪರೀಕ್ಷಿಸುತ್ತಾರೆ.

"ಡಿ ಅಂದ್ರ ಭಾಳ ದೊಡ್ಡದಾತ್ರಿ ಅಕ್ಕಾರ. ನಿಮಗ್ಯಾಕ ಅದು? 36 ಬಿ ಒಯ್ರಿ, ಕರೆಕ್ಟ್ ಕೂಡ್ತದ."

ಕಣ್ಣು 34 ಅಂದಿತ್ತಲ್ಲ? ಇರಬಹುದು. ಸ್ಟಾಕು 36 ಅನ್ನುತ್ತಿದೆ. ಆಮೇಲೆ ಅವರು ಒಳಗಿನ ಹುಡುಗನಿಗೆ ಕೂಗುತ್ತಾರೆ: "ಏ, ಅಕ್ಕಾರಿಗೆ 36 ಬಿ ಸ್ಕಿನ್ ಕಲರ್ ತಗೀ!" ಬ್ರಾಡ್‌ವೇ ತನಕ ಕೇಳಿಸುತ್ತದೆ. ದುಡ್ಡು ಕೊಟ್ಟ ಮೇಲೆ ಮಾತ್ರ ನಿಮ್ಮ ಮರ್ಯಾದೆಯ ಚಿಂತೆ ಜಾಸ್ತಿ. ಪೇಪರಿನಲ್ಲಿ ಸುತ್ತಿ, ಕರಿ ಕ್ಯಾರಿಬ್ಯಾಗಿಗೆ ಹಾಕಿ, ಮೇಲೊಂದು ಗಂಟು ಕಟ್ಟಿ ಕೊಡುತ್ತಾರೆ. ಇಡೀ ಪೇಟೆಗೆ ಸೈಜು ಕೇಳಿಸಿಯಾಯಿತು, ಇನ್ನು ಯಾರೂ ನೋಡಬಾರದು.

ಲೆಕ್ಕ ಕಷ್ಟದ್ದೇನಲ್ಲ. ಎದೆಯ ಕೆಳಗೆ ಟೇಪನ್ನು ಬಿಗಿಯಾಗಿ ಸುತ್ತಿದರೆ ಒಂದು ಅಳತೆ, 32, 34 ಅನ್ನುವ ಅಂಕಿ ಅದರದ್ದು. ತುಂಬು ಎದೆಯ ಮೇಲೆ ಸುತ್ತಿದರೆ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವೇ ಆ ಅಕ್ಷರ. ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಡಿ ಅಂದರೆ ಗೋಲಗುಮ್ಮಟವೇನೂ ಅಲ್ಲ, ನಾಲ್ಕು ಇಂಚು ಅಷ್ಟೇ. ಸಪೂರ ಮೈಯವರಿಗೂ ಡಿ ಬರುತ್ತದೆ. ಈ ಅಕ್ಷರದ ಪದ್ಧತಿ ಅಮೆರಿಕದಲ್ಲಿ ಶುರುವಾದದ್ದು 1930ರ ದಶಕದಲ್ಲಿ. ನಮ್ಮ ಪೇಟೆಗೆ ಈಗ ಬಿ ತನಕ ಬಂದು ತಲುಪಿದೆ. ಸಿ ದಾರಿಯಲ್ಲಿದೆಯಂತೆ, ಲಾರಿ ಮುಷ್ಕರ ಇರಬೇಕು.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 32 ಡಿ, 34 ಸಿ, 36 ಬಿ ಮೂರರ ಕಪ್ಪೂ ಹೆಚ್ಚುಕಡಿಮೆ ಒಂದೇ. ಆದರೆ 36ರ ಪಟ್ಟಿ 32ರದ್ದಕ್ಕಿಂತ ನಾಲ್ಕು ಇಂಚು ಉದ್ದ. ಭಾರ ಹೊರಬೇಕಾದದ್ದು ಬೆನ್ನ ಸುತ್ತ ಬರುವ ಆ ಪಟ್ಟಿ. ಅದು ಸಡಿಲವಾದರೆ ಹಿಂದೆ ಮೇಲಕ್ಕೇರುತ್ತದೆ, ಮುಂದೆ ಕೆಳಕ್ಕಿಳಿಯುತ್ತದೆ, ಭಾರವೆಲ್ಲ ಭುಜದ ಸ್ಟ್ರಾಪಿಗೆ ಬೀಳುತ್ತದೆ. ಸಂಜೆ ಬಿಚ್ಚಿದಾಗ ಎರಡೂ ಹೆಗಲ ಮೇಲೆ ಕೆಂಪು ಬರೆ. ಹೊಸ ಬ್ರಾ ಅಂದರೆ ಹೊರಗಿನ ಸಾಲಿನ ಹುಕ್ಕಿಗೇ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ಸೋತ ಹಾಗೆ ಒಂದೊಂದೇ ಸಾಲು ಒಳಗೆ ಹೋಗಬೇಕು. ನಮ್ಮದು ಮೊದಲ ದಿನವೇ ಕೊನೆಯ ಸಾಲು. ಅಲ್ಲಿಂದ ಮುಂದೆ ಸೇಫ್ಟಿ ಪಿನ್ನು.

ಹಾಕಿ ನೋಡದೆ ಗೊತ್ತಾಗುವುದಿಲ್ಲ. ಹಾಕಿ ನೋಡಿದರೆ ವಾಪಸ್ ತಗೊಳ್ಳುವುದಿಲ್ಲ. ಟ್ರಯಲ್ ರೂಮ್ ಇದೆ, ಅದರ ತುಂಬ ಲೆಗಿಂಗ್ಸಿನ ಬಂಡಲು. ಅಂಗಡಿಯಲ್ಲಿ ಹೆಣ್ಣುಮಗಳು ಇಲ್ಲವೇ ಅಂದರೆ, ಇದ್ದಾಳೆ. ಅವಳನ್ನು ಕರ್ಚೀಫು, ಟವೆಲ್ಲಿನ ಕಡೆ ನಿಲ್ಲಿಸಿದ್ದಾರೆ.

ಇದೇ ಊರಿನಲ್ಲಿ ಜಂಪರ್ ಹೊಲಿಸಲು ಹೋಗಿ. ಟೇಲರ್ ಎದೆ, ಸೊಂಟ, ಭುಜ, ತೋಳು, ಮುಂದಿನ ಕೊರಳು, ಹಿಂದಿನ ಕೊರಳು ಎಲ್ಲ ಬರೆದುಕೊಳ್ಳುತ್ತಾರೆ. ಅಷ್ಟೂ ಸಾಲದು ಅಂತ ಅಳತೆಗೆ ಒಂದು ಹಳೆಯ ಜಂಪರ್ ಇಟ್ಟುಕೊಳ್ಳುತ್ತಾರೆ. ಅರ್ಧ ಇಂಚು ತಪ್ಪಿದರೆ ನಾವು ಅಂಗಡಿ ಮುಂದೆ ರಾದ್ಧಾಂತ ಮಾಡುತ್ತೇವೆ. ಆ ಜಂಪರಿಗೆ ಆಧಾರ ಒಳಗಿನ ಬ್ರಾ. ಅದನ್ನು ಯಾರೂ ಅಳೆದಿಲ್ಲ.

ಅಜ್ಜಿಯರ ಕುಬಸ ನೋಡಿದವರು ಇನ್ನೂ ಇದ್ದೀರಿ. ಗುಳೇದಗುಡ್ಡದ ಖಣ, ಮುಂದೆ ಒಂದು ಗಂಟು. ಆ ಗಂಟೇ ಸೈಜು. ಬಸುರಿಯಾದರೆ ಸಡಿಲ, ಬಾಣಂತನ ಮುಗಿದರೆ ಬಿಗಿ. ಸುಗ್ಗಿಯಲ್ಲಿ ಮೈ ಇಳಿದರೆ ಇನ್ನೊಂಚೂರು ಬಿಗಿ. ಕೂಸು ಅತ್ತರೆ ಬಿಚ್ಚಿ ಹಾಲು ಕೊಡಲು ಹುಕ್ಕು ಹುಡುಕುವ ಕೆಲಸವಿಲ್ಲ. ಉಡಿ ತುಂಬುವಾಗ ಯಾರಿಗೆ ಯಾವ ಖಣ ಕೊಟ್ಟರೂ ನಡೆಯುತ್ತಿತ್ತು, ಹೊಲಿಯದ ತುಂಡು ನೋಡಿ. ತೆಳ್ಳನೆಯ ಸೊಸೆ, ದಪ್ಪನೆಯ ನಾದಿನಿ, ಎಲ್ಲರಿಗೂ ಅದೇ. ಬಸುರಿ ಹೆಂಗಸಿಗೆ ಕುಬಸ ಮಾಡುವುದಾದರೆ ಓಣಿಗೆಲ್ಲ ಕರೆ ಹೋಗುತ್ತದೆ. ಎದೆ ಮುಚ್ಚುವ ಬಟ್ಟೆಯ ಹೆಸರಿನಲ್ಲಿ ಆರತಿ, ಹಾಡು, ಹೋಳಿಗೆ ಊಟ! ಗಂಡಸರೂ ಪಂಕ್ತಿಯಲ್ಲಿ ಕೂತು ಉಂಡು ಬರುತ್ತಾರೆ, ಯಾರೂ ನಾಚಿ ಸತ್ತಿಲ್ಲ. ಅದೇ ಮನೆಯಲ್ಲಿ ಬ್ರಾ ಒಣಗಬೇಕಾದರೆ ಮೇಲೊಂದು ಟವೆಲ್ ಹೊದ್ದುಕೊಳ್ಳಬೇಕು. ಹಳೆಯದೆಲ್ಲ ಚಲೋ ಅಂತ ನಾನು ಹೇಳುತ್ತಿಲ್ಲ. ಕುಬಸ ತೊಟ್ಟು ಚಿಗರಿ ಬಸ್ಸಿನ ಹಿಂದೆ ಓಡಲು ನನ್ನಿಂದ ಆಗುವುದಿಲ್ಲ. ಖಣಕ್ಕೂ ಈಗ ಬೇರೆ ನೌಕರಿ ಸಿಕ್ಕಿದೆ, ಪರ್ಸು, ಕಿವಿಯೋಲೆ, ಫೈಲ್ ಕವರ್ ಆಗಿ ಬೆಂಗಳೂರಿನಲ್ಲಿ ಸೆಟ್ಲ್ ಆಗಿದೆ.

ಅಳತೆ ಅಂದರೇನು ಅಂತ ಈ ಊರಿಗೆ ಗೊತ್ತಿಲ್ಲದೆ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. ಅದರ ಬಟ್ಟೆಗೆ ಧಾರವಾಡದ ಹತ್ತಿರದ ಗರಗ ಊರಿನ ಹೆಸರೂ ಇದೆ. ಒಂಬತ್ತು ಸೈಜು. ಚಿಕ್ಕದು ಆರು ಇಂಚಿಗೆ ನಾಲ್ಕು ಇಂಚು, ದೊಡ್ಡದು 21 ಅಡಿಗೆ 14 ಅಡಿ. ನೂಲು, ಬಣ್ಣ, ಹೊಲಿಗೆ, ಚಕ್ರ, ಎಲ್ಲಕ್ಕೂ ಗುಣಮಟ್ಟ ಗೊತ್ತುಮಾಡುವ ಬಿಐಎಸ್ ಸಂಸ್ಥೆಯ ನಿಯಮವಿದೆ. ತಪ್ಪಿದ ಧ್ವಜ ಹೊರಗೆ ಹೋಗುವ ಹಾಗಿಲ್ಲ. ಹೋಲಿಸಬೇಡಿ ಅಮ್ಮಾ, ಕೇಸು ಬೀಳುತ್ತದೆ ಅಂತ ಮನೆಯವರು ಆಗಲೇ ಎಚ್ಚರಿಸಿದ್ದಾರೆ. ನಾನು ಹೋಲಿಸುತ್ತಿಲ್ಲ. ಅಲ್ಲಿ ಕೂತು ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು ಅಂತ ಮಾತ್ರ ಹೇಳುತ್ತಿದ್ದೇನೆ. ಹಗಲೆಲ್ಲ ಕೂದಲೆಳೆ ತಪ್ಪದ ಹಾಗೆ ಹೊಲಿದವರು ತಮಗೆ ಬೇಕಾದದ್ದನ್ನು ಕೊಳ್ಳಲು ಇದೇ ಪೇಟೆಗೆ ಬರಬೇಕು.

ದೆಹಲಿಯವರು ಸುಮ್ಮನೆ ಕೂತಿಲ್ಲ. ಭಾರತೀಯರ ಮೈಕಟ್ಟಿಗೆ ಹೊಂದುವ ಸೈಜಿನ ಪಟ್ಟಿ ಮಾಡಲು ಫ್ಯಾಶನ್ ಸಂಸ್ಥೆ ನಿಫ್ಟ್‌ನವರಿಂದ 'ಇಂಡಿಯಾ ಸೈಜ್' ಎಂಬ ಸಮೀಕ್ಷೆ ಗೊತ್ತು ಮಾಡಿದರು. ತ್ರೀಡಿ ಸ್ಕ್ಯಾನರ್, 25,000 ಜನ, ಮೊದಲು ಸಾರಿದ ಪಟ್ಟಿಯಲ್ಲಿ ಆರು ನಗರ: ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಶಿಲ್ಲಾಂಗ್, ಬೆಂಗಳೂರು. ಕರ್ನಾಟಕದ ಪಾಲಿಗೆ ಯಾವುದು ಬಂತು ನೋಡಿದಿರಾ? ಬದನೆಕಾಯಿ ಗೊಜ್ಜಿನ ಮೈ ಅಳೆದು, ಎಣ್ಣೆಗಾಯಿ ರೊಟ್ಟಿಯ ಮೈಗೆ ಬಟ್ಟೆ ಹೊಲಿಯುತ್ತಾರೆ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ 175 ತಾಲ್ಲೂಕುಗಳನ್ನು 35 ಮಾನದಂಡ ಹಿಡಿದು ಅಳೆದು 114 ಹಿಂದುಳಿದಿವೆ ಅಂದಿತು. ಅಷ್ಟು ಮಾನದಂಡದಲ್ಲಿ ಇದೊಂದು ಸೇರಲಿಲ್ಲ. ಬೆಳಗಾವಿ ಅಧಿವೇಶನದಲ್ಲಿ ಯಾರಾದರೂ ಎತ್ತಬಹುದು ಅಂತ ಕಾಯುತ್ತಿದ್ದೇನೆ. ಉತ್ತರ ಕರ್ನಾಟಕದ ಚರ್ಚೆ ಹೇಗೂ ಕೊನೆಯ ದಿನ, ಸದಸ್ಯರು ಊರಿಗೆ ಹೊರಡುವ ಹೊತ್ತಿಗೆ ಇರುತ್ತದೆ. ನಾಚಿಕೆಯ ಪ್ರಶ್ನೆಯೇ ಬರುವುದಿಲ್ಲ, ಕೇಳಲು ಯಾರೂ ಇರುವುದಿಲ್ಲ.

ಹಾಗಂತ ಈ ವಸ್ತುವಿನ ಬಗ್ಗೆ ದೊಡ್ಡವರಿಗೆ ಕಾಳಜಿ ಇಲ್ಲ ಅನ್ನಬೇಡಿ. ಮುಂಬೈ ಪಾಲಿಕೆಯ ಸಭೆ 2013ರಲ್ಲಿ ಅಂಗಡಿ ಮುಂದಿನ ಒಳಉಡುಪಿನ ಬೊಂಬೆಗಳನ್ನು ತೆಗೆಸುವ ಗೊತ್ತುವಳಿ ಪಾಸು ಮಾಡಿತ್ತು. ಹೆಣ್ಣುಮಕ್ಕಳ ಮೇಲಿನ ಅಪರಾಧ ಅದರಿಂದ ಕಡಿಮೆಯಾಗುತ್ತದಂತೆ. ಪಾಪದ ಬೊಂಬೆ. ಊರಿಗೆಲ್ಲ ಅದೊಂದಕ್ಕೇ ಬ್ರಾ ಸರಿಯಾಗಿ ಕೂತಿತ್ತು. ಅದೂ ಯಾಕೆ ಅಂತ ಬೆನ್ನ ಹಿಂದೆ ಹೋಗಿ ನೋಡಿದರೆ ತಿಳಿಯುತ್ತದೆ, ಪಟ್ಟಿ ಮಡಚಿ ಕ್ಲಿಪ್ ಹಾಕಿರುತ್ತಾರೆ.

2022ರ ಜುಲೈಯಲ್ಲಿ ಕೊಲ್ಲಂ ಜಿಲ್ಲೆಯ ನೀಟ್ ಕೇಂದ್ರದ ಸುದ್ದಿ ನೀವೂ ಓದಿದ್ದೀರಿ. ಹುಕ್ಕು ಲೋಹದ್ದು, ಯಂತ್ರ ಕೂಗುತ್ತದೆ, ಬಿಚ್ಚಿಟ್ಟು ಒಳಗೆ ಹೋಗಿ. ಡಾಕ್ಟರ್ ಆಗಬೇಕು ಅಂತ ರಾತ್ರಿಯೆಲ್ಲ ಓದಿ ಬಂದ ಹುಡುಗಿಯರು ಕೂದಲು ಮುಂದೆ ಹಾಕಿಕೊಂಡು, ಗಂಡುಹುಡುಗರ ನಡುವೆ ಕೂತು ಬರೆದರು. ಸೆಪ್ಟೆಂಬರಿನಲ್ಲಿ ಮತ್ತೆ ಬರೆಯಲು ಅವಕಾಶ ಕೊಟ್ಟರು, ಉಪಕಾರ. ಇಲ್ಲಿ ನನಗೆ ತಮಾಷೆ ಮಾಡಲು ಬರುವುದಿಲ್ಲ. ಸ್ಟ್ರಾಪು ಕಂಡರೆ ತಪ್ಪು. ಹಾಕದಿದ್ದರೆ ತಪ್ಪು. ಹುಕ್ಕು ಲೋಹದ್ದಾದರೆ ತಪ್ಪು. ಬಾಗಿಲಲ್ಲಿ ನಿಂತು ಮೈ ತಡವಿ ನೋಡಲು ಜನ ಸಿಗುತ್ತಾರೆ, ಅಳತೆ ತೆಗೆಯಲು ಒಬ್ಬಳನ್ನು ನೇಮಿಸಿ ಅಂದರೆ ಸಂಬಳಕ್ಕೆ ದುಡ್ಡಿಲ್ಲ. ಸಾಕಾಗಿದೆ ನಮಗೆ. ಮೈ ನಮ್ಮದು, ಬೆನ್ನು ನೋವೂ ನಮ್ಮದು, ಅಭಿಪ್ರಾಯ ಮಾತ್ರ ಊರಿನವರದ್ದು.

ಈಗ ಹಬ್ಬದ ಸೇಲ್ ಶುರುವಾಗಿದೆ. ಒಂದು ಕೊಂಡರೆ ಒಂದು ಫ್ರೀ ಅಂತ ಬೋರ್ಡು. ಹೋಗಿ ಕೇಳಿದೆ. ಕೊಳ್ಳುವುದು 36, ಫ್ರೀ ಇರುವುದು 42 ಮಾತ್ರ, ಅದೂ ಕೆಂಪು ಬಣ್ಣದ್ದು. ನನಗೆ ಅದು ಯಾವ ಕಾಲಕ್ಕೂ ಆಗುವುದಿಲ್ಲವಲ್ಲ ಅಂದೆ.

"ಫ್ರೀ ಅದರೀ ಅಕ್ಕಾರ, ಅದಕ್ಕೆಲ್ಲ ಅಳತಿ ನೋಡ್ತಾರೇನ್ರಿ?"