ಟಾರು ಬಿದ್ದರೆ ದಾರಿ ಹೋಯಿತು ಎನ್ನುವ ನಾಡಿನಲ್ಲಿ

ಸಮೇದನ್ ನಿಲ್ದಾಣದಲ್ಲಿ ಕೆಂಪು ರೈಲಿನಿಂದ ಸೈಕಲ್ ಇಳಿಸಿಕೊಂಡಾಗ, ಆಗಸ್ಟ್ ಕೊನೆಯ ವಾರವಾದರೂ ಬೆರಳು ಮರಗಟ್ಟುವಷ್ಟು ಚಳಿ. ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಕ್ಯಾಂಟನ್ನಿನ, ಅಂದರೆ ರಾಜ್ಯದ, ಮೇಲಿನ ಎಂಗಾಡಿನ್ ಕಣಿವೆ ಇದು. ಇಲ್ಲಿ ಕಣಿವೆಯ ತಳವೇ ಸುಮಾರು 1,700 ಮೀಟರ್, ಅಂದರೆ ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರ. ಜ್ಯೂರಿಕ್‌ನಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಬೇಸಿಗೆ ಮುಗಿಯುವುದರೊಳಗೆ ಒಮ್ಮೆಯಾದರೂ ಇಲ್ಲಿಗೆ ಬಂದು ಈ ಸುತ್ತು ಹೊಡೆಯದಿದ್ದರೆ ನನಗೆ ಆ ವರ್ಷ ಪೂರ್ತಿಯಾದಂತೆ ಅನಿಸುವುದಿಲ್ಲ.

ಸುತ್ತು ಹೀಗಿದೆ. ಸಮೇದನ್‌ನಿಂದ ಫ್ಲಾಟ್ಸ್ ನದಿಯ ದಂಡೆ ಹಿಡಿದು ಪೊಂಟ್ರೆಸಿನಾ, ಅಲ್ಲಿಂದ ವಾಲ್ ರೋಸೆಗ್ ಎಂಬ ಒಳಕಣಿವೆಗೆ ಏಳು ಕಿಲೋಮೀಟರ್ ಹೋಗಿ ವಾಪಸ್ಸು, ಆಮೇಲೆ ಮೊರ್ಟೆರಾಚ್ ಹಿಮನದಿಯ ನಿಲ್ದಾಣದವರೆಗೆ ಹೋಗಿ ಬಂದು, ಸ್ಟಾಟ್ಸ್ ಕಾಡಿನೊಳಗಿಂದ ಸೇಂಟ್ ಮೊರಿಟ್ಸ್, ಚೆಲೆರಿನಾ, ಮತ್ತೆ ಸಮೇದನ್. ನಿಧಾನವಾಗಿ ತುಳಿದರೆ ಒಂದು ಇಡೀ ದಿನ. ಬಹುಪಾಲು ಗರಸು ದಾರಿ. ಟಾರು ರಸ್ತೆ ಪಕ್ಕದಲ್ಲೇ ಇದ್ದರೂ ನಾವು ಅದರ ಮೇಲೆ ಹೋಗುವುದು ಕಡಿಮೆ.

ಫ್ಲಾಟ್ಸ್ ನದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ಹರಿಯುತ್ತಿರುವ ಪಾತ್ರ ಅದರ ಹಳೆಯ ಪಾತ್ರವಲ್ಲ. ಪ್ರವಾಹದಿಂದ ಸಮೇದನ್ ಊರನ್ನು ಉಳಿಸಲು 2002ರಿಂದ 2006ರವರೆಗೆ ನಡೆದ ಕೆಲಸದಲ್ಲಿ ನದಿಯನ್ನೇ ಊರಿನಿಂದ ದೂರಕ್ಕೆ ತಿರುಗಿಸಿದರು. ಹಾಗೆಂದು ಕಾಂಕ್ರೀಟ್ ಕಾಲುವೆಯೊಳಗೆ ನೂಕಲಿಲ್ಲ. ಹರಡಿಕೊಂಡು ಹರಿಯಲು, ನಡುವೆ ದಿಬ್ಬ ಕಟ್ಟಿಕೊಳ್ಳಲು ಜಾಗ ಬಿಟ್ಟರು. ದಂಡೆಯ ಉದ್ದಕ್ಕೂ ಗರಸು ಹಾಕಿದರು. ಈ ನೀರು ಇನ್ ನದಿ ಸೇರಿ, ಇನ್ ಡ್ಯಾನ್ಯೂಬ್ ಸೇರಿ, ಕೊನೆಗೆ ಕಪ್ಪು ಸಮುದ್ರ ಮುಟ್ಟುತ್ತದೆ.

ಪೊಂಟ್ರೆಸಿನಾ ದಾಟಿ ವಾಲ್ ರೋಸೆಗ್ ಹೊಕ್ಕರೆ ಸಾಮಾನ್ಯ ಕಾರುಗಳಿಗೆ ಪ್ರವೇಶವಿಲ್ಲ. ಕುದುರೆ ಗಾಡಿಗಳು ಓಡಾಡುತ್ತವೆ, ನಾವು ಸೈಕಲ್ಲಿನವರು ಹೋಗುತ್ತೇವೆ, ನಡೆಯುವವರಿಗೆ ಕಾಡಿನೊಳಗೆ ಬೇರೆ ಕಾಲುದಾರಿಯೂ ಇದೆ. ಎಡಬಲಕ್ಕೆ ಲಾರ್ಚ್ ಮರಗಳು, ಆರೋಲಾ ಪೈನ್ ಮರಗಳು, ಪಕ್ಕದಲ್ಲಿ ಹಿಮನದಿಯ ಹಿಟ್ಟಿನಂಥ ಮಣ್ಣು ಕದಡಿ ಹಾಲಿನ ಬಣ್ಣಕ್ಕೆ ತಿರುಗಿದ ಹೊಳೆ. ದಾರಿಯ ಕೊನೆಗೆ ಸುಮಾರು 2,000 ಮೀಟರ್. ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಬಂದು ನಿಂತಿದ್ದೇನೆ ಎಂದುಕೊಂಡರೆ ಕಡೂರು ಸೀಮೆಯ ನನಗೆ ಈಗಲೂ ಎದೆ ಉಬ್ಬುತ್ತದೆ. ಎದುರಿಗೆ ಹಿಮ ಹೊತ್ತ ಶಿಖರಗಳ ಸಾಲು ಕಣಿವೆಗೆ ಅಡ್ಡ ನಿಂತಿರುತ್ತದೆ.

ಆದರೆ ನಾನು ಬರೆಯಲು ಕೂತದ್ದು ಶಿಖರಗಳ ಬಗ್ಗೆ ಅಲ್ಲ, ಚಕ್ರದ ಕೆಳಗಿನ ಮಣ್ಣಿನ ಬಗ್ಗೆ.

ಮೂರು ವರ್ಷದ ಹಿಂದೆ ಇದೇ ಏರಿನಲ್ಲಿ ಉಸಿರು ತಿರುಗಿಸಿಕೊಳ್ಳಲು ನಿಂತಿದ್ದೆ. ಒಬ್ಬ ಹಿರಿಯರು ಸನಿಕೆ ಹಿಡಿದು ದಾರಿಯ ಮೇಲೆ ಬಾಗಿದ್ದರು. ಗಮನಿಸಿ ನೋಡಿದೆ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಎರಡು ಮರದ ದಿಮ್ಮಿಗಳನ್ನು ನಡುವೆ ಅಂಗೈಯಗಲ ಸಂದು ಬಿಟ್ಟು ಹೂತಿದ್ದರು. ಮಳೆ ಬಂದಾಗ ದಾರಿಯ ಮೇಲೆ ಇಳಿಯುವ ನೀರು ಆ ಸಂದಿಗೆ ಬಿದ್ದು ಪಕ್ಕದ ಹುಲ್ಲಿಗೆ ಹೊರಟುಹೋಗುತ್ತದೆ. ಸಂದಿಯಲ್ಲಿ ಸೂಜಿ ಎಲೆ, ಗರಸು ತುಂಬಿಕೊಂಡರೆ ನೀರು ಮೇಲೆ ಹಾದು ದಾರಿಯನ್ನೇ ಸೀಳುತ್ತದೆ. ಹಿರಿಯರು ಆ ಕಸವನ್ನು ತೋಡಿ, ಸಿಕ್ಕಿದ ಗರಸನ್ನು ಎಸೆಯದೆ ಮೇಲ್ಗಡೆಯ ಗುಂಡಿಗೆ ಸುರಿದು, ಬೂಟಿನ ಹಿಮ್ಮಡಿಯಿಂದ ತುಳಿದು ಕೂರಿಸುತ್ತಿದ್ದರು. ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ ಎಂದು ಕೇಳಿದೆ. ಜೋರು ಮಳೆ ಬಂದಾಗಲೆಲ್ಲ ಎಂದರು. ಇದಕ್ಕೆ ಟಾರು ಹಾಕಿಬಿಟ್ಟರೆ ಸುಲಭವಲ್ಲವೇ ಎಂದೆ. ಅವರು ಸನಿಕೆ ಊರಿ ನಿಂತು, "ಆಗ ಇದು ದಾರಿಯಾಗಿ ಉಳಿಯುವುದಿಲ್ಲವಲ್ಲ" ಎಂದರು.

ಅದು ಅವರ ಸ್ವಂತ ಅಭಿಪ್ರಾಯ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಕಾಲುದಾರಿಗಳ ಮಟ್ಟಿಗೆ ಇದು ಈ ದೇಶದ ಕಾನೂನು. 1979ರಲ್ಲಿ ಜನ ಮತ ಹಾಕಿ ಕಾಲುದಾರಿ, ಚಾರಣದ ದಾರಿಗಳನ್ನು ಸಂವಿಧಾನಕ್ಕೆ ಸೇರಿಸಿದರು. 1985ರಲ್ಲಿ ಅದಕ್ಕೊಂದು ಕಾಯ್ದೆಯಾಯಿತು. ಯಾವ ಕಾರಣಕ್ಕಾದರೂ ಚಾರಣದ ದಾರಿ ಇಲ್ಲವಾದರೆ ಬದಲಿ ದಾರಿ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. 'ಇಲ್ಲವಾಗುವುದು' ಅಂದರೆ ಬೇಲಿ ಹಾಕುವುದು, ಅಗೆದು ಹಾಕುವುದು ಮಾತ್ರ ಅಲ್ಲ. ಉದ್ದಕ್ಕೂ ಟಾರೋ ಸಿಮೆಂಟೋ ಹಾಕಿ ಮುಚ್ಚಿದರೂ ದಾರಿ ಹೋಯಿತು ಎಂದೇ ಲೆಕ್ಕ. ಇವತ್ತು ದೇಶದಲ್ಲಿ ಸುಮಾರು 65,000 ಕಿಲೋಮೀಟರ್ ಚಾರಣದ ದಾರಿಗಳಿಗೆ ಹಳದಿ ಫಲಕ ನೆಟ್ಟು ಕಾಯುತ್ತಿದ್ದಾರೆ. 2018ರಲ್ಲಿ ಮತ್ತೆ ಮತದಾನವಾಯಿತು; ನೂರಕ್ಕೆ 73ಕ್ಕೂ ಹೆಚ್ಚು ಮಂದಿ ಒಪ್ಪಿ ಸೈಕಲ್ ದಾರಿಯನ್ನೂ ಅದೇ ವಿಧಿಗೆ ಸೇರಿಸಿದರು.

ಓದಿದಾಗ ನಿಜಕ್ಕೂ ದಂಗಾದೆ. ನಮ್ಮಲ್ಲಿ ಮಣ್ಣಿನ ದಾರಿ ಅಂದರೆ ಇನ್ನೂ ಉದ್ಧಾರವಾಗದ ದಾರಿ. ಊರಿಗೆ ಏನು ಮಾಡಿದಿರಿ ಎಂದು ಕೇಳಿದರೆ ಸಿ.ಸಿ. ರಸ್ತೆ ತೋರಿಸುತ್ತೇವೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಹೆರಿಗೆಗೆ ಹೊರಟ ಹೆಣ್ಣುಮಗಳ ಗಾಡಿ ಕೆಸರಿನಲ್ಲಿ ಹೂತು ಕೂತ ಊರಿನವರೇ ನಾವು, ಊರಿಗೊಂದು ಗಟ್ಟಿ ರಸ್ತೆ ಬೇಕೇ ಬೇಕು. ಆದರೆ ಆ ಗಟ್ಟಿ ರಸ್ತೆ ಬಂದ ಮೇಲೆ ಉಳಿದ ಮಣ್ಣಿನ ದಾರಿಗಳನ್ನು ದಾರಿಯೆಂದು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬಿಟ್ಟೆವಲ್ಲ, ನನ್ನ ಸಂಕಟ ಅದು.

ಇಲ್ಲಿನವರಿಗೆ ವಾಹನದ ಹುಚ್ಚು ಹತ್ತಲೇ ಇಲ್ಲವೆಂದೂ ಅಲ್ಲ, ತಡವಾಗಿ ಹತ್ತಿತು ಅಷ್ಟೇ. ಇದೇ ಗ್ರೌಬ್ಯುಂಡೆನ್‌ನಲ್ಲಿ 1900ರಿಂದ 1925ರವರೆಗೆ ಮೋಟಾರು ಕಾರುಗಳನ್ನೇ ನಿಷೇಧಿಸಿದ್ದರು. ಮತ್ತೆ ಮತ್ತೆ ಮತದಾನ ನಡೆದು, ಮತ್ತೆ ಮತ್ತೆ ಜನ ಬೇಡವೆಂದು, ಕೊನೆಗೆ 1925ರಲ್ಲಿ ಒಪ್ಪಿದರು. ಒಪ್ಪಿದ ಮೇಲೆ ಕಾರು ಬಂತು, ಸೇಂಟ್ ಮೊರಿಟ್ಸ್ ಸುತ್ತಮುತ್ತ ವರ್ಷದ ಬಹುಕಾಲ ಬೀಗ ಹಾಕಿರುವ ರಜಾಮನೆಗಳೂ ಬಂದವು. ಅದರ ಮೇಲೆ ಕಡಿವಾಣ ಹಾಕಲು 2012ರಲ್ಲಿ ಇನ್ನೊಂದು ಮತದಾನವೇ ಬೇಕಾಯಿತು. ತೊಂದರೆ ಇಲ್ಲದ ನಾಡೇನೂ ಅಲ್ಲ ಇದು. ಆದರೆ ದಾರಿಯ ಬಗ್ಗೆ ಇಡೀ ಊರು ಕೂತು ಮಾತಾಡುವ ರೂಢಿ ಇದೆ.

ವಾಲ್ ರೋಸೆಗ್‌ನಿಂದ ಇಳಿದು ಮೊರ್ಟೆರಾಚ್ ಕಡೆಗೆ ತಿರುಗಿದರೆ ದನಗಳ ಗಂಟೆ ಸದ್ದು ಮೊದಲು ಕೇಳಿಸುತ್ತದೆ, ಆಮೇಲೆ ಗೇಟು ಸಿಗುತ್ತದೆ. ಹುಲ್ಲುಗಾವಲಿಗೆ ತಂತಿ ಬೇಲಿ, ದಾರಿಗೆ ಅಡ್ಡ ಮರದ ಗೇಟು. ಬೀಗವಿಲ್ಲ. ಚಿಲಕ ಎರಡೂ ಕಡೆಯಿಂದ ತೆಗೆಯಲು ಬರುತ್ತದೆ. ತೆಗೆದು, ಸೈಕಲ್ ದಾಟಿಸಿ, ಮತ್ತೆ ಹಾಕಬೇಕು, ಅಷ್ಟೇ. ಇದಕ್ಕೂ ಬೆನ್ನಿಗೆ ಕಾನೂನಿದೆ. 1912ರಿಂದ ಜಾರಿಯಲ್ಲಿರುವ ಸ್ವಿಸ್ ನಾಗರಿಕ ಸಂಹಿತೆಯ 699ನೇ ವಿಧಿ ಪ್ರಕಾರ, ಊರಿನ ರೂಢಿಯ ಮಿತಿಯಲ್ಲಿ, ಕಾಡಿಗೂ ಹುಲ್ಲುಗಾವಲಿಗೂ ಯಾರು ಬೇಕಾದರೂ ಕಾಲಿಡಬಹುದು. ಹುಲ್ಲುಗಾವಲು ಖಾಸಗಿಯವರದ್ದಾದರೂ ಅಷ್ಟೇ. ಎದುರು ಬಂದವರು ಇಲ್ಲಿನ ರೋಮಾನ್ಶ್ ಭಾಷೆಯಲ್ಲಿ "ಅಲ್ಲೆಗ್ರಾ" ಎನ್ನುತ್ತಾರೆ, ನಾವೂ ಅಲ್ಲೆಗ್ರಾ ಎನ್ನುತ್ತೇವೆ. ಬೆಟ್ಟಕ್ಕೆ ಪಿಟ್ಸ್, ಕೆರೆಗೆ ಲೆಯ್. ಸಣ್ಣ ಭಾಷೆ, ಆದರೂ ಊರು ಕೇರಿಯ ಫಲಕದ ಮೇಲೆ ಅದರದೇ ಹೆಸರು. 1938ರಿಂದ ಅದು ದೇಶದ ನಾಲ್ಕನೇ ರಾಷ್ಟ್ರಭಾಷೆ.

ಮೊರ್ಟೆರಾಚ್ ನಿಲ್ದಾಣದ ಬಳಿ ಸೈಕಲ್ ಒರಗಿಸಿ ಹಿಮನದಿಯತ್ತ ನಡೆದರೆ, ಇಂತಿಂಥ ವರ್ಷದಲ್ಲಿ ಹಿಮ ಇಲ್ಲಿಯವರೆಗೆ ಇತ್ತು ಎಂದು ಬರೆದ ಫಲಕಗಳು ಒಂದಾದ ಮೇಲೊಂದು ಬರುತ್ತವೆ. ನಡೆದಷ್ಟೂ ಹಿಮ ದೂರ. ಆ ದಾರಿಯಲ್ಲಿ ಹೆಚ್ಚು ಮಾತು ಹೊರಡುವುದಿಲ್ಲ.

ಹುಲ್ಲುಗಾವಲು ನೋಡಿದಾಗ ನನಗೆ ನೆನಪಾಗುವುದು ನಮ್ಮ ಅಮೃತ್ ಮಹಲ್ ಕಾವಲುಗಳು, ಅಂದರೆ ಆ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳು. ಇಲ್ಲಿ ಬೇಸಿಗೆಗೆ ದನ ಮೇಲೆ ಹತ್ತಿಸಿ ಶರತ್ಕಾಲಕ್ಕೆ ಇಳಿಸುವ ಪದ್ಧತಿಯನ್ನು 2023ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದರು. ಸಂತೋಷ. ನಮ್ಮಲ್ಲೂ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಕಾವಲು ಎಂದು ಹಂಚಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ, ಅಂದರೆ ಅರಮನೆಯ ದನ ಸಾಕುವ ಇಲಾಖೆಯೇ, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆದದ್ದು. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕೆಂಬ ನಿಯಮ ನಮ್ಮ ಕಂದಾಯದ ಪುಸ್ತಕದಲ್ಲೂ ಇದೆ. ಬಂಡಿದಾರಿ, ಕಾಲುದಾರಿ ಎರಡೂ ಊರಿನ ಸರ್ವೆ ನಕಾಶೆಯಲ್ಲಿ ಗೆರೆ ಎಳೆದು ತೋರಿಸಿರುವಂಥವೇ. ಯುರೋಪಿನಿಂದ ತರಿಸಿಕೊಳ್ಳಬೇಕಾದ ವಿಚಾರ ಇದರಲ್ಲಿ ಒಂದೂ ಇಲ್ಲ.

ಪೊಂಟ್ರೆಸಿನಾದಲ್ಲಿ ಮರದ ತೊಟ್ಟಿಯ ನೀರು ಕುಡಿದು ಅಪ್ಪನಿಗೆ ಫೋನ್ ಮಾಡಿದೆ. ನಮ್ಮೂರಿನಿಂದ ಕಾವಲಿನ ಅಂಚು ಹಿಡಿದು ಕೆರೆ ಏರಿಗೆ ಹೋಗುತ್ತಿದ್ದ ಬಂಡಿದಾರಿಯಲ್ಲಿ ಈಗಲೂ ಓಡಾಡಬಹುದಾ ಎಂದು ಕೇಳಿದೆ. ನಾನು ಸೈಕಲ್ ಕಲಿತದ್ದೇ ಆ ದಾರಿಯಲ್ಲಿ, ಕತ್ತರಿ ಕಾಲು ಹಾಕಿಕೊಂಡು, ಅಪ್ಪ ಹಿಂದೆ ಓಡಿ ಬರುತ್ತಿರುವಾಗ. "ಅದು ನಕಾಶೇಲಿದೆ ಕಣಪ್ಪ, ನೆಲದ ಮೇಲಿಲ್ಲ" ಎಂದರು. ಒಂದು ಕಡೆ ತೋಟದವರು ಬೇಲಿ ಹಾಕಿದ್ದಾರಂತೆ, ಇನ್ನೊಂದು ಕಡೆ ಉತ್ತು ಸೇರಿಸಿಕೊಂಡಿದ್ದಾರಂತೆ. ಬೇಲಿ ಹಾಕಿದವರು ಕೆಟ್ಟವರಲ್ಲ, ದನ ನುಗ್ಗಿ ಬಾಳೆ ತಿನ್ನುತ್ತವೆ ಎಂದು ಹಾಕಿದ್ದು ಎಂದೂ ಅಪ್ಪನೇ ಹೇಳಿದರು. ದಾರಿ ಯಾರಿಗೂ ಬೇಡವಾದ ಮೇಲೆ ಬೇಲಿ ಹಾಕುವವರನ್ನು ತಡೆಯುವವರು ಯಾರು?

ಸ್ಟಾಟ್ಸ್ ಕಾಡಿನಲ್ಲಿ ಬೇರುಗಳ ಮೇಲೆ ಸೈಕಲ್ ಕುಣಿಯುತ್ತಿರುವಾಗಲೂ, ಚೆಲೆರಿನಾದಲ್ಲಿ ದಿಬ್ಬದ ಮೇಲಿನ ಸಾನ್ ಜಾನ್ ಚರ್ಚಿನ ಮುರುಕು ಗೋಪುರ ಬಿಸಿಲಿಗೆ ಕಂಡಾಗಲೂ ಅದೇ ತಲೆಯಲ್ಲಿತ್ತು. ಸಮೇದನ್‌ಗೆ ಬಂದು, ರೈಲು ಹತ್ತಿ, ಸೈಕಲ್ಲನ್ನು ಕೊಕ್ಕೆಗೆ ನೇತುಹಾಕಿ ಕೂತ ಮೇಲೆ ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ತಾಲ್ಲೂಕು ಕಚೇರಿಗೆ ಹೋದಾಗ ಊರಿನ ನಕಾಶೆಯ ಪ್ರತಿಗೆ ಅರ್ಜಿ ಕೊಡಿ ಎಂದೆ. ಡಿಸೆಂಬರಿನಲ್ಲಿ ಬಂದಾಗ ಇಬ್ಬರೂ ಆ ನಕಾಶೆ ಹಿಡಿದು ತೋಟದವರ ಮನೆಗೆ ಹೋಗೋಣ. ಬೇಲಿ ತೆಗೆಯಿರಿ ಅನ್ನುವುದು ಬೇಡ. ದಾರಿ ಹಾಯುವಲ್ಲಿ ಒಂದು ಗೇಟು ಇಡಲು ಕೇಳೋಣ, ಗೇಟಿನ ಖರ್ಚು ನನ್ನದು. ಚಿಲಕ ಮಾತ್ರ ಎರಡೂ ಕಡೆಯಿಂದ ತೆಗೆಯುವಂತಿರಬೇಕು.