ಪಾಠ ಮಾಡುವ ಚಟ ಬಿಡಿಸುವುದು ಹೇಗೆ?

ಸರ್ಕಾರಿ ಶಾಲೆಯ ಕೆಲವು ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿದೆ. ಕುಡಿತ ಅಲ್ಲ, ಇಸ್ಪೀಟೂ ಅಲ್ಲ. ಪಾಠ ಮಾಡುವುದು. ಎಷ್ಟು ಸುತ್ತೋಲೆ ಬಂದರೂ ಬಿಡುತ್ತಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅತಿ ಜರೂರು, ಇಂದೇ ಮಧ್ಯಾಹ್ನ 3ರೊಳಗೆ ಮಾಹಿತಿ ಸಲ್ಲಿಸುವುದು, ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆ ಮಾಡಲಾಗುವುದು’ ಎಂದು ಸಂದೇಶ ಬಂದು ಕೂತಿರುತ್ತದೆ. ಇವರು ಮಾತ್ರ ಫೋನನ್ನು ಟೇಬಲ್ಲಿನ ಮೇಲೆ ಮಗುಚಿಟ್ಟು, ಬೋರ್ಡಿನ ಮುಂದೆ ನಿಂತು ಭಿನ್ನರಾಶಿ ಹೇಳಿಕೊಡುತ್ತಿರುತ್ತಾರೆ. ಅದೂ ಹಾಡಹಗಲೇ, ಮಕ್ಕಳ ಎದುರಿಗೇ!

ಈ ಚಟ ಹತ್ತುವುದು ಹೇಗೆ ಅಂತ ಪರಿಚಯದ ಒಬ್ಬ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದಿಷ್ಟು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, ನಾಲ್ಕು ಎರಡಕ್ಕಿಂತ ದೊಡ್ಡದು, ಹಾಗಾಗಿ ನಾಲ್ಕನೇ ಒಂದು ಭಾಗ ಎರಡನೇ ಒಂದು ಭಾಗಕ್ಕಿಂತ ದೊಡ್ಡದೇ ಇರಬೇಕು ಅಂತ ಹಟ ಹಿಡಿದಿದ್ದಳು. ಚಪಾತಿ ಹರಿದು ತೋರಿಸಿದರೂ ಒಪ್ಪಲಿಲ್ಲ. ಮಾರನೇ ದಿನ ಬೇರೇನೋ ಪಾಠ ನಡೆಯುತ್ತಿದ್ದಾಗ ತಟ್ಟನೆ ಎದ್ದು ನಿಂತು, ‘ಸಾ, ಹೋಳು ಜಾಸ್ತಿ ಮಾಡಿದಷ್ಟೂ ಒಂದೊಂದು ಹೋಳು ಸಣ್ಣಕ್ಕಾಗ್ತದೆ, ಅಲ್ವಾ ಸಾ?’ ಅಂದಳು. ಅಷ್ಟೇ ನೋಡಿ. ಮೇಷ್ಟ್ರಿಗೆ ಏರಿಬಿಟ್ಟಿತು. ಆ ಒಂದು ಗಳಿಗೆಗಾಗಿ ಮತ್ತೆ ಮತ್ತೆ ಕ್ಲಾಸಿಗೆ ಹೋಗಬೇಕು ಅನಿಸತೊಡಗಿತಂತೆ. ಸಂಬಳ ಇಲ್ಲದಿದ್ದರೂ ಹೋಗ್ತೀನಿ ಅಂತ ಬೇರೆ ಸೇರಿಸಿದರು. ಈ ಕೊನೆಯ ಮಾತು ಹಣಕಾಸು ಇಲಾಖೆಯ ಕಿವಿಗೆ ಬೀಳದಿರಲಿ.

ಚಟ ಸಾಂಕ್ರಾಮಿಕ ಕೂಡ ಹೌದು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಕೆಲವು ಶಿಕ್ಷಕರಿಗೆ ಇದು ಜೋರಾಗಿಯೇ ಹತ್ತಿತು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ತಂತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ತಲೆ ಕೆಡಿಸಿಕೊಂಡರು. ಊರಿಗೆ ಬಂದು ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು. ಅದೇ ಮುಂದೆ ‘ನಲಿ-ಕಲಿ’ ಆಯಿತು. ಇಲಾಖೆ ಇದನ್ನು ಹಾಗೇ ಬಿಟ್ಟೀತೇ? ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಹರಡಿ ಕಡ್ಡಾಯ ಮಾಡಿತು. ಯಾರೋ ಖುಷಿಗೆ ಮಾಡಿದ್ದನ್ನು ಕಡ್ಡಾಯ ಮಾಡುವುದಿದೆಯಲ್ಲ, ಚಟ ಬಿಡಿಸಲು ಅದಕ್ಕಿಂತ ಒಳ್ಳೆ ಮದ್ದು ಇನ್ನೂ ಯಾರೂ ಕಂಡುಹಿಡಿದಿಲ್ಲ. ಜೊತೆಗೆ ತುಂಬಲು ನಮೂನೆಗಳನ್ನೂ ಕೊಟ್ಟರು. ಆದರೂ ಕೆಲವು ನಲಿ-ಕಲಿ ಕೋಣೆಗಳಲ್ಲಿ ಇವತ್ತಿಗೂ ನಗು ಕೇಳಿಸುತ್ತದೆ. ಎಷ್ಟು ಆಳಕ್ಕೆ ಇಳಿದಿದೆ ಈ ರೋಗ ಅಂತ ಲೆಕ್ಕ ಹಾಕಿ.

ಚಟದವರಿಗೆ ಕಾನೂನಿನ ಬೆಂಬಲವೂ ಇರುವುದು ದೊಡ್ಡ ತಲೆನೋವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಅದೇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಶಿಕ್ಷಣದ್ದಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಪುಣ್ಯಕ್ಕೆ ಬರೆದವರು ವಿವೇಕಿಗಳು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟನ್ನು ಈ ನಿಷೇಧದಿಂದ ಹೊರಗಿಟ್ಟರು. ಚುನಾವಣೆ ಅಂದರೆ ಮತ ಹಾಕುವ ಒಂದು ದಿನ ಅಂದುಕೊಳ್ಳಬೇಡಿ. ಮತದಾರರ ಪಟ್ಟಿ ಇದೆ, ಅದರ ಪರಿಷ್ಕರಣೆ ಇದೆ, ಪರಿಷ್ಕರಣೆಯ ತಿದ್ದುಪಡಿ ಇದೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಆದ ಟೀಚರು ತಮ್ಮ ಕ್ಲಾಸಿನ ಮಕ್ಕಳ ಹೆಸರು ಮರೆಯಬಹುದು, ಬೂತಿನಲ್ಲಿ ಯಾರು ತೀರಿಕೊಂಡರು, ಯಾರು ಮದುವೆಯಾಗಿ ಹೋದರು ಅನ್ನುವುದನ್ನು ಮರೆಯುವಂತಿಲ್ಲ.

ಈ ಮೂರರಲ್ಲಿ ಯಾವುದಕ್ಕೂ ಸೇರದ ಕೆಲಸ ಬಂದರೆ? ಆಗಲೂ ಮೇಷ್ಟ್ರೇ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ನೆನಪಿರಬೇಕು. ಸಮೀಕ್ಷೆ ಬೇಕೇ ಬೇಡವೇ ಅನ್ನುವುದು ಬೇರೆ ಮಾತು. ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಒಂದೂಮುಕ್ಕಾಲು ಲಕ್ಷ ಶಿಕ್ಷಕರು ದಸರಾ ರಜೆಯಲ್ಲಿ 60 ಪ್ರಶ್ನೆ ಹಿಡಿದು ಬೀದಿಗೆ ಇಳಿದದ್ದು ನೋಡುವ ಹಾಗಿತ್ತು. ಮನೆ ಗುರುತಿಸಲು ಕರೆಂಟ್ ಮೀಟರ್ ಆಧಾರ. ಮೀಟರ್ ಇದೆ, ಮನೆಯಲ್ಲಿ ಜನ ಇಲ್ಲ. ಜನ ಇದ್ದಾರೆ, ಒಟಿಪಿ ಬರುವುದಿಲ್ಲ. ಒಟಿಪಿ ಬಂತು, ಆ್ಯಪ್ ಮಲಗಿತು. ನೆಟ್‌ವರ್ಕ್ ಹುಡುಕಿಕೊಂಡು ಎತ್ತರದ ಜಾಗ ಹತ್ತಿದವರ ಸುದ್ದಿ ಪೇಪರಿನಲ್ಲಿ ಬಂತು. ಮನೆಯಲ್ಲಿ ಕೋಳಿ ಎಷ್ಟು, ಕುರಿ ಎಷ್ಟು, ಚಿನ್ನ ಎಷ್ಟು ಅಂತೆಲ್ಲ ಕೇಳಿಸಿಕೊಂಡ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಗೇ ಬೇಜಾರಾಗಿ, ಇದನ್ನೆಲ್ಲ ಯಾಕ್ರಪ್ಪ ಕೇಳ್ತೀರಿ ಎನ್ನುವ ಧಾಟಿಯಲ್ಲಿ ಮಾತಾಡಿದರು. ಅವರ ಮನೆಗೆ ಹೋಗಿದ್ದು ಒಂದು ದಿನ. ಮೇಷ್ಟ್ರು ಅದೇ ಪ್ರಶ್ನೆಯನ್ನು ಮನೆ ಮನೆಗೂ ಹೋಗಿ ಕೇಳಬೇಕಿತ್ತು. ಕೆಲವು ಕಡೆ ನಾಯಿ ಬಿಟ್ಟು ಉತ್ತರ ಕೊಟ್ಟರು.

ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಶಾಲೆಗೆ 18ರವರೆಗೆ ರಜೆ ವಿಸ್ತರಿಸಿದರು. ಹೋದ ಪಾಠವನ್ನು ಆಮೇಲೆ ಹೆಚ್ಚುವರಿ ತರಗತಿ ತೆಗೆದುಕೊಂಡು ಸರಿದೂಗಿಸಿ ಅಂದರು. ಸಮೀಕ್ಷೆಯನ್ನು ಹೆಚ್ಚುವರಿಯಾಗಿ ಮಾಡಿ ಅಂತ ಯಾರೂ ಅನ್ನಲಿಲ್ಲ, ಪಾಠವನ್ನು ಹೆಚ್ಚುವರಿಯಾಗಿ ಮಾಡಿ ಅಂದರು. ಯಾವುದು ಕೆಲಸ, ಯಾವುದು ಚಟ ಅನ್ನುವುದು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ.

ಇನ್ನು ಮೊಟ್ಟೆಗೆ ಬರೋಣ. ಮಕ್ಕಳಿಗೆ ಮೊಟ್ಟೆ ಕೊಡುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ಆಗ ಒಂದಕ್ಕೆ ಗೊತ್ತುಮಾಡಿದ್ದು 6 ರೂಪಾಯಿ. ಅದರೊಳಗೇ ಕೊಳ್ಳುವ ಖರ್ಚು, ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ ಖರ್ಚು. ಸುಲಿಯಲು 30 ಪೈಸೆ. ಈ 30 ಪೈಸೆಯನ್ನು ಲೆಕ್ಕ ಹಾಕಿದ ಅಧಿಕಾರಿ ಯಾರೋ, ಅವರಿಗೆ ನಮಸ್ಕಾರ. ಒಡೆದ ಮೊಟ್ಟೆಗೆ, ಕೊಳೆತ ಮೊಟ್ಟೆಗೆ, ಅಂಗಡಿಯಿಂದ ಬೈಕಿನಲ್ಲಿ ತರುವ ಮೇಷ್ಟ್ರ ಪೆಟ್ರೋಲಿಗೆ ಎಷ್ಟು ಪೈಸೆ ಅನ್ನುವುದು ಲೆಕ್ಕದಲ್ಲಿ ಇಲ್ಲ. ಪೇಟೆಯಲ್ಲಿ ರೇಟು ಏರಿದಾಗ ಮೇಲಿನ ದುಡ್ಡು ಮುಖ್ಯ ಶಿಕ್ಷಕರ ಜೇಬಿನಿಂದ. ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು, ಯಾರು ಮೊಟ್ಟೆ ಅಂತ ಬರೆಸಿ ಅಮ್ಮ ಬೈದದ್ದಕ್ಕೆ ಬಾಳೆಹಣ್ಣಿಗೆ ಬದಲಾದರು, ಎಲ್ಲಕ್ಕೂ ದಾಖಲೆ ಬೇಕು. ಗಣಿತದ ಪಿರಿಯಡ್ ಹೋಯಿತು ಅಂತ ಯಾರಾದರೂ ದೂರಿದರೆ, ಇದೂ ಗಣಿತವೇ ಅಲ್ವಾ?

ಮೊಟ್ಟೆಯ ಜೊತೆಗೆ ಹಾಲು, ರಾಗಿ ಮಾಲ್ಟ್, ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ಶೂ, ಸಾಕ್ಸು, ಸಮವಸ್ತ್ರ ಇವೆ. ಎಲ್ಲವೂ ಮಕ್ಕಳಿಗೆ ಬೇಕಾದ್ದೇ. ಇದಕ್ಕೆಲ್ಲ ಒಬ್ಬ ಗುಮಾಸ್ತರನ್ನು ಕೊಡಿ ಅಂತ ಕೇಳಿದರೆ ಮಾತ್ರ, ಪ್ರಾಥಮಿಕ ಶಾಲೆಗೆ ಗುಮಾಸ್ತರೇ ಅಂತ ನಗುತ್ತಾರೆ. ಏಕೋಪಾಧ್ಯಾಯ ಶಾಲೆಯಲ್ಲಂತೂ ಮೇಷ್ಟ್ರೇ ಮುಖ್ಯ ಶಿಕ್ಷಕ, ಗುಮಾಸ್ತ, ಗಂಟೆ ಹೊಡೆಯುವವ. ಅವರು ಮೀಟಿಂಗಿಗೆ ಹೋದ ದಿನ ಶಾಲೆಯೇ ಮೀಟಿಂಗಿಗೆ ಹೋದ ಹಾಗೆ.

ಇಷ್ಟಾದ ಮೇಲೂ ದಿನಕ್ಕೆ ಒಂದು ಗಂಟೆ ಮಿಕ್ಕಿತು ಅಂದುಕೊಳ್ಳಿ. ಅದಕ್ಕೆ ಇಲಾಖೆಯ ಆನ್‌ಲೈನ್ ಪೋರ್ಟಲ್‌ಗಳಿವೆ. ಸ್ಯಾಟ್ಸ್‌ನಲ್ಲಿ ಹಾಜರಿ, ಅಂಕ, ದಾಖಲಾತಿ. ಯುಡೈಸ್‌ನಲ್ಲಿ ಕೋಣೆ, ಶೌಚಾಲಯ, ನಲ್ಲಿ. ಅಪಾರ್‌ನಲ್ಲಿ ಪ್ರತಿ ಮಗುವಿಗೂ 12 ಅಂಕಿಯ ಐಡಿ. ಶಾಲೆ ರಿಜಿಸ್ಟರಿನಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ್ ಎಂ., ಅಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು, ಜನನ ಪತ್ರದಲ್ಲಿ ಇನ್ನೊಂದು. ಕಂಪ್ಯೂಟರ್ ಒಪ್ಪುವುದಿಲ್ಲ. ಹುಡುಗ ಎದುರಿಗೇ ಕೂತು ಮೂಗು ಒರೆಸಿಕೊಳ್ಳುತ್ತಿರುತ್ತಾನೆ, ಆದರೆ ವ್ಯವಸ್ಥೆಯ ಪ್ರಕಾರ ಅವನು ಇನ್ನೂ ಖಚಿತವಾಗಿ ಹುಟ್ಟಿಲ್ಲ. ಈಗ ಪ್ರತಿ ಪಾಠ ಮುಗಿದ ಮೇಲೂ ಪರೀಕ್ಷೆ ಕೊಟ್ಟು ಅಂಕ ಏರಿಸುವ ‘ಪಾಠ ಆಧಾರಿತ ಮೌಲ್ಯಾಂಕನ’ವೂ ಸೇರಿಕೊಂಡಿದೆ. ಇದರಲ್ಲೊಂದು ಸಣ್ಣ ಅಪಾಯ ಉಂಟು. ಮೌಲ್ಯಾಂಕನ ಮಾಡಬೇಕಾದರೆ ಮೊದಲು ಪಾಠ ಮಾಡಬೇಕಾಗುತ್ತದೆ ಅಂತ ಯಾರಾದರೂ ತಪ್ಪು ತಿಳಿದುಕೊಂಡಾರು.

ಗಮನಿಸಿ ನೋಡಿ. ಮೊಟ್ಟೆಯ ಫೋಟೊ ತೆಗೆಯಬಹುದು, ಶೌಚಾಲಯದ್ದೂ ತೆಗೆಯಬಹುದು. ಗಿಡ ನೆಟ್ಟದ್ದು, ಕೈ ತೊಳೆದದ್ದು, ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಆಚರಿಸಿದ್ದು ಎಲ್ಲದಕ್ಕೂ ಜಿಪಿಎಸ್ ಸಮೇತ ಸಾಕ್ಷಿ ಉಂಟು. ಆ ಹುಡುಗಿಯ ತಲೆಯಲ್ಲಿ ಭಿನ್ನರಾಶಿ ಕೂತ ಗಳಿಗೆಯ ಫೋಟೊ ಎಲ್ಲಿದೆ? ಇಲ್ಲ. ಫೋಟೊ ಇಲ್ಲದ್ದು ನಡೆದೇ ಇಲ್ಲ. ಅಲ್ಲಿಗೆ ಮೇಷ್ಟ್ರು ಆ ದಿನ ಏನೂ ಕೆಲಸ ಮಾಡಿಲ್ಲ.

ಹೊರ ರಾಜ್ಯಗಳು ನಮಗಿಂತ ಮುಂದೆ ಹೋಗಿವೆ. ಬಿಹಾರದಲ್ಲಿ 2021ರಲ್ಲಿ, ಬಿಸಿಯೂಟದ ಧಾನ್ಯದ ಖಾಲಿ ಗೋಣಿಚೀಲಗಳನ್ನು ಒಂದಕ್ಕೆ 10 ರೂಪಾಯಿಯಂತೆ ಮಾರಿ ದುಡ್ಡು ಕಟ್ಟಿ ಎಂದು ಆದೇಶವಾಯಿತು. ಒಬ್ಬ ಶಿಕ್ಷಕರು ನಿಜವಾಗಿಯೂ ಚೀಲ ಹೊತ್ತು ಬೀದಿಯಲ್ಲಿ ಕೂಗುತ್ತಾ ಮಾರಿದರು. ಇಲಾಖೆಗೆ ಮುಜುಗರವಾಗಿ ಅವರನ್ನೇ ಸಸ್ಪೆಂಡ್ ಮಾಡಿತು. ಆದೇಶವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಬಾರದಿತ್ತು, ಪಾಪ. ಛತ್ತೀಸ್‌ಗಢದಲ್ಲಿ 2025ರಲ್ಲಿ, ಶಾಲೆಯ ಸುತ್ತ ಓಡಾಡುವ ಬೀದಿನಾಯಿಗಳ ಮಾಹಿತಿ ಕೊಡುವ ಹೊಣೆಯೂ ಶಾಲೆಯವರ ಹೆಗಲೇರಿತು. ನಾಯಿಗಳಿಗೆ ಇನ್ನೂ ಅಪಾರ್ ಐಡಿ ಬಂದಿಲ್ಲ ಅನ್ನುವುದೊಂದೇ ಸಮಾಧಾನ.

ಹೈಸ್ಕೂಲಿನ ಚಟ ಬೇರೆ ರೀತಿಯದು. ಅಲ್ಲಿ ಎಸ್ಸೆಸ್ಸೆಲ್ಸಿ ಎಂಬ ಕಾಯಂ ಜ್ವರ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿದರು. ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ಇಲ್ಲದ ಕಾಲದಲ್ಲಿ ಮಕ್ಕಳು ಹೇಗೆ ಅಷ್ಟು ಜಾಣರಾಗಿದ್ದರು ಅಂತ ಕೇಳುವ ಬದಲು, ಮೇಷ್ಟ್ರು ಏನು ಮಾಡುತ್ತಿದ್ದಾರೆ ಅಂತ ಕೇಳಿದರು. ಈಗ ಕೆಲವು ಜಿಲ್ಲೆಗಳಲ್ಲಿ ಶಿಕ್ಷಕರೇ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸಬೇಕು. ಎದ್ದ ಹುಡುಗನ ಕೈಗೆ ‘ಪಾಸಿಂಗ್ ಪ್ಯಾಕೇಜ್’. ಗಿಳಿಪಾಠ ಬೇಡ, ಅರ್ಥ ಮಾಡಿಸಿ ಎಂದು ತರಬೇತಿಯಲ್ಲಿ ಹೇಳುವವರೂ, ಈ ಹತ್ತು ಪ್ರಶ್ನೆ ಬಾಯಿಪಾಠ ಮಾಡಿಸಿ ಎಂದು ಜನವರಿಯಲ್ಲಿ ಹೇಳುವವರೂ ಒಂದೇ ಕಟ್ಟಡದಲ್ಲಿ ಕೂರುತ್ತಾರೆ. ಫಲಿತಾಂಶ ಕಡಿಮೆಯಾದರೆ ನೋಟಿಸ್. ಆ ಮೇಷ್ಟ್ರು ವರ್ಷದಲ್ಲಿ ಎಷ್ಟು ದಿನ ಓಒಡಿ (ಅನ್ಯ ಕಾರ್ಯ ನಿಮಿತ್ತ) ಮೇಲೆ ಬೇರೆ ಕೆಲಸದಲ್ಲಿದ್ದರು ಅನ್ನುವ ಕಾಲಂ ನೋಟಿಸಿನಲ್ಲಿ ಇರುವುದಿಲ್ಲ.

ಸೆಪ್ಟೆಂಬರ್ 5 ಬಂದರೆ ಮಾತ್ರ ಒಂದು ದಿನ ಹಾರ, ಶಾಲು. ವೇದಿಕೆಯಲ್ಲಿ ರಾಧಾಕೃಷ್ಣನ್ ಅವರ ಕಥೆ ಹೇಳಲೇಬೇಕು. 1921ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯ ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು ಎಂಬ ಕಥೆ. ಇವತ್ತು ಆಗಿದ್ದರೆ ಸಂಜೆಯೊಳಗೆ ವಿಡಿಯೊ ಓಡಾಡುತ್ತಿತ್ತು. ವಿದ್ಯಾರ್ಥಿಗಳ ಕೈಲಿ ಗಾಡಿ ಎಳೆಸಿದ್ದೇಕೆ, ಪೂರ್ವಾನುಮತಿ ಪಡೆದಿದ್ದೀರಾ, ಕುದುರೆಗಳನ್ನು ಯಾರ ವಶಕ್ಕೆ ಒಪ್ಪಿಸಿದಿರಿ ಎಂದು ಮೂರು ದಿನದಲ್ಲಿ ಸಮಜಾಯಿಷಿ ಕೇಳುತ್ತಿದ್ದರು. ಅವರು ಮುಂದೆ ರಾಷ್ಟ್ರಪತಿ ಆಗುವುದಿರಲಿ, ಮುಂದಿನ ಇನ್‌ಕ್ರಿಮೆಂಟ್ ಸಿಗುವುದೂ ಅನುಮಾನವಿತ್ತು.

ಚಟ ಬಿಡಿಸಲು ಇಲಾಖೆಗೆ ನನ್ನದೊಂದು ಸಲಹೆ ಇದೆ. ಪಾಠವನ್ನು ನೇರವಾಗಿ ನಿಷೇಧಿಸಬೇಡಿ, ಜನ ಗಲಾಟೆ ಮಾಡುತ್ತಾರೆ. ಅದರ ಬದಲು ‘ಶಿಕ್ಷಕರಲ್ಲಿ ಪ್ರೇರಣೆ ತುಂಬುವ’ ಐದು ದಿನದ ತರಬೇತಿ ಇಡಿ. ಶಾಲೆಯ ವೇಳೆಯಲ್ಲೇ ಇಡಿ. ‘ನಿಮಗೆ ಪಾಠ ಮಾಡಲು ಸ್ಫೂರ್ತಿ ಏನು, ಸವಾಲು ಏನು?’ ಅಂತ ಗೂಗಲ್ ಫಾರ್ಮ್ ಕಳಿಸಿ. ಸವಾಲಿನ ಪಟ್ಟಿಯಲ್ಲಿ ಪೋಷಕರ ನಿರಾಸಕ್ತಿ, ಮಕ್ಕಳ ಗೈರುಹಾಜರಿ, ಮೊಬೈಲ್ ಎಂಬ ಮೂರೇ ಆಯ್ಕೆ ಇರಲಿ. ‘ಈ ಫಾರ್ಮ್’ ಎಂಬ ನಾಲ್ಕನೇ ಆಯ್ಕೆ ಬೇಡ. ತುಂಬದವರಿಂದ ಶೂನ್ಯ ವರದಿ ತರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಗುಣವಾಗುವುದು ಕಷ್ಟ ಅನ್ನುತ್ತಾರೆ ಬಲ್ಲವರು. ಯಾಕೆಂದರೆ ಕುಮ್ಮಕ್ಕು ಕೊಡುವವರು ಕ್ಲಾಸಿನೊಳಗೇ ಇದ್ದಾರೆ. ಮೇಷ್ಟ್ರು ಲ್ಯಾಪ್‌ಟಾಪ್ ತೆಗೆದು ಇನ್ನೇನು ಸ್ಯಾಟ್ಸ್‌ಗೆ ಲಾಗಿನ್ ಆಗಬೇಕು, ಅಷ್ಟರಲ್ಲಿ ಎರಡನೇ ಬೆಂಚಿನಿಂದ ಒಂದು ಹುಡುಗ ಸೀಮೆಸುಣ್ಣ ತಂದು ಕೈಗಿಡುತ್ತಾನೆ. ‘ಸಾ, ನಿನ್ನೆ ಅರ್ಧಕ್ಕೆ ನಿಲ್ಸಿದ್ರಲ್ಲ, ಆಮೇಲೇನಾಯ್ತು ಸಾ?’ ಅಂತಾನೆ. ಮೇಷ್ಟ್ರು ಎದ್ದೇಬಿಡುತ್ತಾರೆ. ಈ ಹುಡುಗನ ಮೇಲೂ ಕ್ರಮ ಆಗಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಯೋಚಿಸಿದರೆ ತಪ್ಪಿಲ್ಲ. ಕಷ್ಟ ಏನಪ್ಪ ಅಂದರೆ, ಅವನು ನಮ್ಮ ಮಂಜುನಾಥ. ಆಧಾರ್ ಹೆಸರು ತಾಳೆಯಾಗದೆ ಅವನಿಗೆ ನೋಟಿಸ್ ತಯಾರಾಗುವುದಿಲ್ಲ. ಹೆಸರು ಸರಿಪಡಿಸಿ, ಸಂಜೆಯೊಳಗೆ ಅನುಪಾಲನಾ ವರದಿ ಕಳಿಸಬೇಕೆಂದು ಅದೇ ಮೇಷ್ಟ್ರಿಗೆ ಸಂದೇಶ ಹೋಗಿದೆ.